ಸೆರೆ ಅಲ್ಲಿ, ಸಾಕ್ಷಿ ಇಲ್ಲಿ

2019ರ ಜುಲೈನಲ್ಲಿ ಮುಂಬೈಯ ಒಂದು ಎಳೆ ಜೋಡಿ ದೋಹಾದ ಹಮದ್ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಪ್ರವಾಸದ ಖರ್ಚೆಲ್ಲ ಗಂಡನ ಕಡೆಯ ಸಂಬಂಧಿ ಹೆಂಗಸೊಬ್ಬಳ ಉಡುಗೊರೆ. ಹೊರಡುವಾಗ ಆಕೆ ಕೈಗಿತ್ತ ಪೊಟ್ಟಣವೂ ಬ್ಯಾಗಿನಲ್ಲಿತ್ತು. ಕಸ್ಟಮ್ಸ್‌ನವರು ಬಿಚ್ಚಿದಾಗ 4.1 ಕಿಲೋ ಹಶೀಶ್. ಇಬ್ಬರಿಗೂ 10 ವರ್ಷ ಸಜೆಯಾಯಿತು. ಹೆಂಡತಿ ಬಸುರಿ, ಮಗು ಹುಟ್ಟಿದ್ದು ಸೆರೆಯಲ್ಲಿರುವಾಗಲೇ. 2021ರ ಮಾರ್ಚ್‌ನಲ್ಲಿ ಅದೇ ಕತಾರಿನ ನ್ಯಾಯಾಲಯ, ಮರುವಿಚಾರಣೆಯ ನಂತರ, ಇಬ್ಬರೂ ನಿರ್ದೋಷಿಗಳೆಂದು ಬಿಟ್ಟುಬಿಟ್ಟಿತು.

ಈ ಎರಡು ತೀರ್ಪುಗಳ ನಡುವೆ ದೋಹಾದಲ್ಲಿ ಬದಲಾದದ್ದು ಏನೂ ಇಲ್ಲ. ಬ್ಯಾಗು ಅದೇ, ಪೊಟ್ಟಣ ಅದೇ, ತೂಕ ಅದೇ. ಬದಲಾದದ್ದು ಮುಂಬೈಯಲ್ಲಿ. ಹುಡುಗಿಯ ತಂದೆ ಮಾದಕವಸ್ತು ನಿಯಂತ್ರಣ ಬ್ಯೂರೋಗೆ, ಅಂದರೆ ಎನ್‌ಸಿಬಿಗೆ, ದೂರು ಕೊಟ್ಟರು. ಅಳಿಯ ಮನೆಯಲ್ಲೇ ಬಿಟ್ಟುಹೋಗಿದ್ದ ಮೊಬೈಲಿನಲ್ಲಿ ಆ ಹೆಂಗಸಿನ ಜೊತೆಗಿನ ಮಾತು ರೆಕಾರ್ಡ್ ಆಗಿತ್ತು. ಪೊಟ್ಟಣದಲ್ಲಿರುವುದು ಜರ್ದಾ ಎಂದು ಆಕೆಯೇ ಹೇಳಿದ್ದಳು. ಎನ್‌ಸಿಬಿ ಆ ಜಾಡು ಹಿಡಿಯಿತು. ಅದರ ತನಿಖೆಯ ವಿವರ ರಾಜತಾಂತ್ರಿಕ ದಾರಿಯಲ್ಲಿ ಕತಾರಿಗೆ ಹೋಯಿತು. ಮಾಲು ಕೈಯಲ್ಲಿತ್ತೇ ಎಂಬ ಪ್ರಶ್ನೆಗೆ ಉತ್ತರ ದೋಹಾದಲ್ಲಿತ್ತು. ಗೊತ್ತಿದ್ದು ಒಯ್ದರೇ ಎಂಬುದಕ್ಕೆ ಉತ್ತರ ಊರಲ್ಲೇ ಉಳಿದಿತ್ತು.

ವಿದೇಶದಲ್ಲಿ ತಪ್ಪಿಲ್ಲದೆ ಸಿಕ್ಕಿಬಿದ್ದವರ ಪರ ಓಡಾಡುವ ಮನೆಯವರು ಮೊದಲು ನೋಡುವುದು ದೆಹಲಿಯ ಕಡೆಗೆ. ಸಂಸದರ ಪತ್ರ, ಸಚಿವರಿಗೆ ಟ್ವೀಟ್, ಟಿವಿಯಲ್ಲಿ ಕಣ್ಣೀರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಹಾಗೆ, ಮನೆಯಿಂದ ಎರಡು ಕಿಲೋಮೀಟರ್ ದೂರದ ಪೊಲೀಸ್ ಠಾಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಡುಗಡೆಯ ಬೀಗದ ಕೈ ಬಹಳ ಸಲ ಅಲ್ಲೇ ಇರುತ್ತದೆ.

ಉಡುಪಿ ಜಿಲ್ಲೆಯಿಂದ ಸೌದಿಗೆ ದುಡಿಯಲು ಹೋದವರೊಬ್ಬರನ್ನು 2019ರ ಡಿಸೆಂಬರ್‌ನಲ್ಲಿ ಅಲ್ಲಿಯ ಪೊಲೀಸರು ಹಿಡಿದರು. ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಯುವರಾಜರ ಮೇಲೆ, ಮೆಕ್ಕಾದ ಮೇಲೆ ಕೀಳು ಬರಹವಿತ್ತು. ಖಾತೆ ನಕಲಿ, ಆದರೆ ಫೋಟೊ ಅವರದೇ, ಹೆಸರು ಅವರದೇ. ಹೆಂಡತಿ ಉಡುಪಿಯ ಸೆನ್ ಎಂಬ ಸೈಬರ್ ಅಪರಾಧ ಠಾಣೆಗೆ ದೂರು ಕೊಟ್ಟರು. ಪೊಲೀಸರು ಫೇಸ್‌ಬುಕ್ ಸಂಸ್ಥೆಯಿಂದ ಮಾಹಿತಿ ತರಿಸಿಕೊಂಡು 2020ರ ಅಕ್ಟೋಬರ್‌ನಲ್ಲಿ ಮೂಡುಬಿದಿರೆಯಲ್ಲಿ ಇಬ್ಬರನ್ನು ಬಂಧಿಸಿದರು. ಆ ಕಾಗದಪತ್ರ ಸೌದಿಗೆ ತಲುಪಿತು. 2021ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿಗೆ ಬಂದಿಳಿದರು. ಇಪ್ಪತ್ತು ತಿಂಗಳ ಸೆರೆ, ಅದರಲ್ಲಿ ಹತ್ತು ತಿಂಗಳು ಉಡುಪಿಯ ತನಿಖೆಗೇ ಹಿಡಿಯಿತು. ಇದಕ್ಕೆ ಎದುರಾಗಿ 2023ರ ಶಾರ್ಜಾ ಪ್ರಕರಣ ನೋಡಿ: ಟ್ರೋಫಿಯೊಂದರೊಳಗೆ ಯಾರೋ ಮಾದಕವಸ್ತು ತುಂಬಿ ಮುಂಬೈಯ ನಟಿಯೊಬ್ಬರ ಕೈಗೆ ಕೊಟ್ಟಿದ್ದರು. ಮುಂಬೈ ಕ್ರೈಂ ಬ್ರಾಂಚ್ ಕೆಲವೇ ವಾರಗಳಲ್ಲಿ ಕೊಟ್ಟವರನ್ನು ಹಿಡಿಯಿತು. ಬಂಧನವಾಗಿ ತಿಂಗಳು ತುಂಬುವ ಮೊದಲೇ ಆಕೆ ಜೈಲಿನಿಂದ ಹೊರಗೆ ಬಂದರು. ಇಷ್ಟು ಅಂತರಕ್ಕೆ ದೇಶಗಳ ನಡುವಿನ ಸ್ನೇಹ ಕಾರಣವಲ್ಲ. ಊರಿನ ತನಿಖೆ ಎಷ್ಟು ಬೇಗ ಮುಗಿಯಿತು ಎನ್ನುವುದೇ ಕಾರಣ.

ಹಾಗಾದರೆ ಸುದ್ದಿ ಬಂದ ದಿನ ಮಾಡಬೇಕಾದದ್ದೇನು? ಠಾಣೆಗೆ ಹೋಗಬೇಕು. ಕರ್ನಾಟಕದ ಜಿಲ್ಲೆಗಳಲ್ಲಿ ಸೆನ್ ಠಾಣೆಗಳಿವೆ: ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಇರುವಂಥವು. ನಕಲಿ ಖಾತೆಯ ಕೇಸೂ ಪೊಟ್ಟಣದ ಕೇಸೂ ಎರಡೂ ಅವರ ಪಾಲಿಗೇ ಬರುತ್ತವೆ. ಠಾಣೆಯಲ್ಲಿ ಕೇಳಿಬರುವ ಮೊದಲ ಮಾತು ಗೊತ್ತಿದ್ದದ್ದೇ: ‘ಅದು ದುಬೈ ಕೇಸಲ್ವೇನ್ರೀ, ನಮಗೆ ಬರಲ್ಲ.’ ಈ ಮಾತಿಗೆ ಸಿದ್ಧರಾಗಿಯೇ ಹೋಗಬೇಕು. ದುಬೈಯ ಕೇಸಿನ ಬಗ್ಗೆ ದೂರು ಕೊಡಲು ಹೋಗಿರುವುದಲ್ಲ. ಈ ಊರಲ್ಲಿ, ಇಂಥ ದಿನ, ಇಂಥವರು ಮೋಸದಿಂದ ಪೊಟ್ಟಣ ಕೊಟ್ಟರು, ಅಥವಾ ನಮ್ಮವರ ಹೆಸರಲ್ಲಿ ಖಾತೆ ತೆರೆದರು ಎಂದು ದೂರು ಕೊಡಲು ಹೋಗಿರುವುದು. ಅಪರಾಧದ ಒಂದು ಭಾಗ ಇಲ್ಲೇ ನಡೆದಿದೆ. ಅರ್ಜಿಯ ಮೊದಲ ಸಾಲಲ್ಲೇ ಜಾಗ ಮತ್ತು ದಿನಾಂಕ ಬರಬೇಕು. ‘ನಮ್ಮ ಹುಡುಗನನ್ನು ಬಿಡಿಸಿಕೊಡಿ’ ಎಂದು ಬರೆದ ಅರ್ಜಿಗೆ ಹಿಂಬರಹ ಕೊಟ್ಟು ಕಳಿಸುವುದು ಠಾಣೆಗೆ ಬಹಳ ಸುಲಭ.

2024ರ ಜುಲೈ 1ರಿಂದ ಸಿಆರ್‌ಪಿಸಿಯ ಜಾಗದಲ್ಲಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು; ವ್ಯಾಪ್ತಿ ಬೇರೆಯಾದರೆ ಅವರೇ ವರ್ಗಾಯಿಸಬೇಕು. ಇಮೇಲ್‌ನಲ್ಲಿ ಕೊಟ್ಟರೂ ನಡೆಯುತ್ತದೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಲು ಪೊಲೀಸರಿಗೆ ಅವಕಾಶವಿದೆ. ನಕಲಿ ಖಾತೆಗೆ ಹಾಕುವ ಐಟಿ ಕಾಯ್ದೆಯ 66ಸಿ, 66ಡಿ ಕಲಂಗಳಿಗೆ ಮೂರು ವರ್ಷದವರೆಗಿನ ಶಿಕ್ಷೆ, ಹಾಗಾಗಿ ಈ ಮಾತು ಬಂದೇ ಬರುತ್ತದೆ. 15ನೇ ದಿನ ಮತ್ತೆ ಹೋಗಿ ನಿಲ್ಲಬೇಕು. ತೆಗೆದುಕೊಳ್ಳದಿದ್ದರೆ ಎಸ್ಪಿಗೆ ಲಿಖಿತವಾಗಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ.

ಎಫ್‌ಐಆರ್ ಬರೆಸುವಾಗ ಒಂದು ಸಣ್ಣ ಸಂಗತಿ ಮುಂದೆ ದೊಡ್ಡ ಪೇಚಿಗೆ ಸಿಕ್ಕಿಸುತ್ತದೆ: ಹೆಸರು. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇಡುವ ರೂಢಿ. ಆಧಾರ್‌ನಲ್ಲಿ ‘ಮಂಜುನಾಥ ಕೆ ಎಸ್’, ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು ಎಲ್ಲ ಬಿಡಿಸಿ ಮೂರು ಪದ, ಠಾಣೆಯ ರೈಟರು ಬರೆಯುವುದು ‘ಮಂಜು @ ಮಂಜುನಾಥ’. ಇದು ಇಂಗ್ಲಿಷಿಗೆ, ಅಲ್ಲಿಂದ ಅರಬ್ಬಿಗೆ ಹೋಗುವ ಹೊತ್ತಿಗೆ ನಾಲ್ಕು ಬೇರೆಬೇರೆ ಮನುಷ್ಯರಾಗಿರುತ್ತಾರೆ. ಅಲ್ಲಿಯ ಕೋರ್ಟಿನ ಗುಮಾಸ್ತ ಎರಡು ಕಾಗದ ಪಕ್ಕಪಕ್ಕ ಇಟ್ಟು, ಇವರು ಅವರಲ್ಲ ಎಂದುಬಿಡುತ್ತಾನೆ. ಆದ್ದರಿಂದ ದೂರಿನಲ್ಲಿ, ಎಫ್‌ಐಆರ್‌ನಲ್ಲಿ, ಮಹಜರಿನಲ್ಲಿ, ಮುಂದೆ ದೋಷಾರೋಪ ಪಟ್ಟಿಯಲ್ಲಿ ಕೂಡ ಪಾಸ್‌ಪೋರ್ಟಿನಲ್ಲಿರುವ ಹೆಸರು ಅಕ್ಷರ ಬಿಡದೆ ಇರಬೇಕು, ಪಕ್ಕದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಇರಬೇಕು. ಹೆಸರು ಎಡವಿದರೂ ಸಂಖ್ಯೆ ಕಾಪಾಡುತ್ತದೆ. ಸಾಧ್ಯವಾದರೆ ಅಲ್ಲಿಯ ಕೇಸ್ ನಂಬರನ್ನೂ ಬರೆಸಿ.

ಇನ್ನು ಸಾಕ್ಷ್ಯ. ಅದು ಹಾಲಿನ ಹಾಗೆ, ಇಟ್ಟಷ್ಟೂ ಕೆಡುತ್ತದೆ. ವಿಮಾನ ನಿಲ್ದಾಣದ, ಅಪಾರ್ಟ್‌ಮೆಂಟಿನ, ಬೀದಿ ಅಂಗಡಿಯ ಸಿಸಿಟಿವಿ ಕೆಲವು ವಾರಗಳಲ್ಲಿ ತನ್ನ ಮೇಲೇ ತಾನು ಬರೆದುಕೊಳ್ಳುತ್ತದೆ. ಪೊಟ್ಟಣ ಕೊಟ್ಟವರು ಮನೆಗೆ ಬಂದುಹೋದ ದೃಶ್ಯ ಅದರಲ್ಲೇ ಇದ್ದೀತು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ, ಪೊಲೀಸರಿಂದ ಕೋರಿಕೆ ಬಂದರೆ ಖಾತೆಯ ದಾಖಲೆಯನ್ನು 90 ದಿನ ಕಾಯ್ದಿಡುತ್ತದೆ. ಅಷ್ಟರಲ್ಲಿ ಕಾನೂನುಬದ್ಧ ಆದೇಶ ಹೋಗಬೇಕು. ಖಾತೆ ಡಿಲೀಟ್ ಆಗುವ ಮುಂಚೆ ಆ ಕೋರಿಕೆ ಹೋಯಿತೇ ಎಂದು ತನಿಖಾಧಿಕಾರಿಯನ್ನು ಮೊದಲ ವಾರದಲ್ಲೇ ಕೇಳಬೇಕು. ಗಾಬರಿಯಲ್ಲಿ ನೂರು ಜನ ಸೇರಿ ಆ ನಕಲಿ ಖಾತೆಯನ್ನು ರಿಪೋರ್ಟ್ ಮಾಡಿ ತೆಗೆಸಿಬಿಡುವುದುಂಟು. ಅದಕ್ಕೂ ಮೊದಲು ಖಾತೆಯ ಪೂರ್ತಿ ವಿಳಾಸವನ್ನಾದರೂ ನಕಲು ಮಾಡಿಟ್ಟುಕೊಳ್ಳಿ, ಹೆಸರು ಬದಲಾದರೂ ಖಾತೆಯ ಗುರುತಿನ ಅಂಕಿ (ಐಡಿ) ಬದಲಾಗುವುದಿಲ್ಲ. ಕರೆಗಳ ವಿವರವನ್ನು ಮೊಬೈಲ್ ಕಂಪನಿಗಳು ಎರಡು ವರ್ಷ ಇಟ್ಟುಕೊಂಡಿರುತ್ತವೆ, ಹಾಗಾಗಿ ಅದಕ್ಕೆ ಅಷ್ಟು ಅವಸರವಿಲ್ಲ.

ಮನೆಯಲ್ಲಿರುವ ಫೋನಿನ ವಿಷಯದಲ್ಲಿ ಮಾತ್ರ ಬಿಗಿಯಾಗಿರಬೇಕು. ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿ, ಫೋನನ್ನು ಮಗುವಿನ ಕೈಗೆ ಕೊಟ್ಟರೆ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಫೋನು ಹಾಗೇ, ಸಿಮ್ ಸಮೇತ, ಮಹಜರು ಮಾಡಿಸಿ ಪೊಲೀಸರ ವಶಕ್ಕೆ ಹೋಗಬೇಕು, ಸ್ವೀಕೃತಿ ಪಡೆಯಬೇಕು. ಡಿಜಿಟಲ್ ಸಾಕ್ಷ್ಯಕ್ಕೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಸಂಖ್ಯೆಯೂ, ಅಂದರೆ ಡಿಜಿಟಲ್ ಕಡತದ ಬೆರಳಚ್ಚಿನಂಥ ಗುರುತೂ, ಇರಬೇಕು. ಬೋರ್ಡಿಂಗ್ ಪಾಸ್, ಲಗೇಜ್ ಟ್ಯಾಗ್‌ನ ಸಂಖ್ಯೆ, ಟಿಕೆಟ್‌ಗೆ ದುಡ್ಡು ಕಟ್ಟಿದ ಖಾತೆಯ ವಿವರ, ಇವೂ ಬೇಕು. ಟಿಕೆಟ್ ಯಾರ ಕಾರ್ಡಿನಿಂದ ಹೋಯಿತು ಎಂಬ ಒಂದೇ ಸಾಲು ಕೆಲವೊಮ್ಮೆ ಹತ್ತು ಸಾಕ್ಷಿಗಳಿಗಿಂತ ತೂಕದ್ದು. ಮತ್ತೊಂದು: ಪೊಟ್ಟಣ ಕೊಟ್ಟವರಿಗೆ ಫೋನ್ ಮಾಡಿ ಬೈಯಬೇಡಿ. ಬೈದ ಮರುಕ್ಷಣ ಆ ಕಡೆಯ ಫೋನು ಖಾಲಿಯಾಗುತ್ತದೆ.

ಇದೆಲ್ಲ ನಡೆಯುತ್ತಿರುವಾಗಲೇ ರಾಯಭಾರ ಕಚೇರಿಯ ಕೆಲಸವೂ ಸಾಗಬೇಕು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯೇ ಇದರ ಬುನಾದಿ. ಬಂಧಿತ ಕೇಳಿಕೊಂಡರೆ ತಡಮಾಡದೆ ಅವನ ದೇಶದ ಕಾನ್ಸುಲೇಟಿಗೆ ತಿಳಿಸಬೇಕು. ಕಾನ್ಸುಲೇಟಿನ ಅಧಿಕಾರಿ ಅವನನ್ನು ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಲು ನೆರವಾಗಬಹುದು. ‘ಕೇಳಿಕೊಂಡರೆ’ ಎಂಬಲ್ಲೇ ಎಷ್ಟೋ ಜನ ಸೋಲುತ್ತಾರೆ, ಆ ಹಕ್ಕು ಇದೆಯೆಂದೇ ಬಂಧಿತರಿಗೆ ಗೊತ್ತಿರುವುದಿಲ್ಲ. ಗೂಢಚಾರನೆಂದು ಪಾಕಿಸ್ತಾನ ಮರಣದಂಡನೆ ವಿಧಿಸಿದ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಆ ದೇಶ ಸುದ್ದಿ ತಿಳಿಸಿದ್ದು ಬಂಧನದ ಮೂರು ವಾರದ ನಂತರ; ಅದು ‘ತಡಮಾಡದೆ’ ಎನಿಸುವುದಿಲ್ಲ ಎಂದು 2019ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. 15ಕ್ಕೆ 1ರ ಬಹುಮತದ ಗೆಲುವು. ಆದರೂ ಬಿಡುಗಡೆ ಮಾಡಿ ಎಂಬ ಭಾರತದ ಕೋರಿಕೆಯನ್ನು ಅದೇ ಕೋರ್ಟು ಒಪ್ಪಲಿಲ್ಲ; ತೀರ್ಪನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಿ ಎಂದಷ್ಟೇ ಹೇಳಿತು. ಹೇಗ್‌ನಲ್ಲಿ ಗೆದ್ದರೂ ಬಾಗಿಲು ತೆರೆಯುವುದು ಅಲ್ಲಿಯ ಕೋರ್ಟೇ.

ರಾಯಭಾರ ಕಚೇರಿಯ ಮಿತಿ ತಿಳಿದಿದ್ದರೆ ಸಿಟ್ಟೂ ಕಡಿಮೆಯಾಗುತ್ತದೆ, ಕೆಲಸವೂ ಆಗುತ್ತದೆ. ಅವರು ತನಿಖೆ ಮಾಡಲಾರರು, ವಾದಿಸಲಾರರು. ಅದಕ್ಕೇ ‘ಸಹಾಯ ಮಾಡಿ’ ಎಂದು ಬರೆಯುವ ಬದಲು ಒಂದೊಂದು ಪತ್ರದಲ್ಲಿ ಒಂದೊಂದೇ ಕೆಲಸ ಕೇಳಬೇಕು. ಭೇಟಿಯಾಗಿ, ಮನೆಯವರ ಜೊತೆ ಮಾಹಿತಿ ಹಂಚಿಕೊಳ್ಳಲು ಬಂಧಿತರಿಂದ ಸಹಿ ಹಾಕಿದ ಒಪ್ಪಿಗೆ ಪತ್ರ ತನ್ನಿ, ಎಂದು ಮೊದಲ ಪತ್ರ. ಇದು ಇಲ್ಲದಿದ್ದರೆ ಖಾಸಗಿತನದ ಕಾನೂನಿನ ಹೆಸರಲ್ಲಿ ಹೆಂಡತಿಗೂ ವಿವರ ಸಿಗುವುದಿಲ್ಲ. ಕೇಸ್ ನಂಬರು, ಆರೋಪದ ಕಲಂ, ಮುಂದಿನ ತಾರೀಕು ತಿಳಿಸಿ ಎಂದು ಎರಡನೆಯದು. ಅರಬ್ಬಿಯ ಹೇಳಿಕೆಗೆ ದುಭಾಷಿಯಿಲ್ಲದೆ ಸಹಿ ಮಾಡಿಸಿಕೊಂಡರೇ ಎಂದು ಕೇಳಿ ದಾಖಲಿಸಿ ಎಂದು ಮೂರನೆಯದು. ವಿಚಾರಣೆಯ ದಿನ ಒಬ್ಬರನ್ನು ಕಳಿಸಿ ಎಂದು ಮತ್ತೊಂದು. ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಮೊದಲೇ ದೂರು ದಾಖಲಿಸಿ, ಅದರ ನಂಬರನ್ನು ಪ್ರತಿ ಪತ್ರದ ತಲೆಬರಹದಲ್ಲಿ ಹಾಕಿ. ಐದು ಮಂದಿ ಸಂಸದರು ಐದು ಪತ್ರ ಬರೆದರೂ ಅವು ಸುತ್ತಿ ಬರುವುದು ಅದೇ ಮೇಜಿಗೆ. ನಂಬರಿಲ್ಲದಿದ್ದರೆ ಐದು ಬೇರೆ ಕಡತಗಳಾಗಿ ಕೂರುತ್ತವೆ.

ವಕೀಲರ ಖರ್ಚಿಗೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದು ರಾಯಭಾರ ಕಚೇರಿಗಳಲ್ಲಿದೆ; ಕೈಲಾಗದವರಿಗೆ ಕಾನೂನು ನೆರವು, ಸಣ್ಣ ದಂಡ, ವಾಪಸಾತಿ ಟಿಕೆಟ್ ಅದರಿಂದ ಸಿಗಬಹುದು. ಆದಾಯದ ಪುರಾವೆ ಜೊತೆಗಿಟ್ಟು ಲಿಖಿತವಾಗಿ ಕೇಳಬೇಕು. ‘ಇಷ್ಟು ಲಕ್ಷ ಕೊಡಿ, ಒಳಗಿನವರು ಗೊತ್ತು’ ಎನ್ನುವ ದಲ್ಲಾಳಿ ಮಾತ್ರ ಪ್ರತಿ ಕೇಸಿನಲ್ಲೂ ಎರಡನೇ ವಾರದ ಹೊತ್ತಿಗೆ ಫೋನ್ ಮಾಡಿಯೇ ಮಾಡುತ್ತಾನೆ. ವಕೀಲರ ಜೊತೆಗಿನ ಕರಾರು ಹಂತಹಂತವಾಗಿ, ಬರಹದಲ್ಲಿ ಇರಲಿ. ಮೇಲ್ಮನವಿಯ ಗಡುವನ್ನು ವಕೀಲರು ಹೇಳಲಿ ಎಂದು ಕಾಯಬೇಡಿ: ಯುಎಇಯಲ್ಲಿ ಕ್ರಿಮಿನಲ್ ಮೇಲ್ಮನವಿಗೆ 15 ದಿನ, ಸೌದಿಯಲ್ಲಿ 30 ದಿನ. ಇಲ್ಲಿಯ ದೋಷಾರೋಪ ಪಟ್ಟಿ ಬರಲಿ, ಆಮೇಲೆ ಹಾಕೋಣ ಎಂದು ಕೂತರೆ ಗಡುವು ದಾಟಿರುತ್ತದೆ. ಮೊದಲು ಅರ್ಜಿ ಹಾಕಿ, ಸಾಕ್ಷ್ಯ ಸಲ್ಲಿಸಲು ಕಾಲಾವಕಾಶ ಕೇಳುವುದೇ ಸರಿ.

ಇಲ್ಲಿ ಸಿಕ್ಕ ಸಾಕ್ಷ್ಯ ಅಲ್ಲಿಗೆ ಹೋಗುವ ದಾರಿ ಎರಡು. ಒಂದು ಸರ್ಕಾರದ್ದು: ಪೊಲೀಸರಿಂದ ಕೇಂದ್ರ ಗೃಹ ಸಚಿವಾಲಯ, ಅಲ್ಲಿಂದ ವಿದೇಶಾಂಗ ಸಚಿವಾಲಯ, ಅಲ್ಲಿಂದ ಆ ದೇಶ. ತೂಕ ಹೆಚ್ಚು, ವೇಗ ಕಡಿಮೆ. ಇನ್ನೊಂದು ಮನೆಯವರದು. ದೋಷಾರೋಪ ಪಟ್ಟಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಸಲ್ಲಿಕೆಯಾದ ದಿನವೇ ನಕಲು ಅರ್ಜಿ ಹಾಕಿ ದೃಢೀಕೃತ ಪ್ರತಿ ತೆಗೆದುಕೊಳ್ಳುವುದು. ಕನ್ನಡದಲ್ಲಿರುವುದನ್ನು ಇಂಗ್ಲಿಷಿಗೆ ಮಾಡಿಸಿ, ನೋಟರಿ, ರಾಜ್ಯದ ಗೃಹ ಇಲಾಖೆ, ವಿದೇಶಾಂಗ ಸಚಿವಾಲಯ ಹೀಗೆ ಮುದ್ರೆ ಒತ್ತಿಸುತ್ತ ಹೋಗಬೇಕು. ಒಂದು ದೇಶ ಒಂದೇ ಮುದ್ರೆಯಿಂದ ದೃಢೀಕರಿಸಿದ ದಾಖಲೆಯನ್ನು ಇನ್ನೊಂದು ದೇಶ ಹಾಗೇ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಸೌದಿ 2022ರ ಡಿಸೆಂಬರ್‌ನಿಂದ ಇದೆ, ಹಾಗಾಗಿ ಸಚಿವಾಲಯದ ಅಪೊಸ್ಟಿಲ್ ಚೀಟಿ ಅಂಟಿಸಿದರೆ ಸಾಕು. ಯುಎಇ, ಕತಾರ್ ಅದರಲ್ಲಿಲ್ಲ. ಅವಕ್ಕೆ ದೆಹಲಿಯಲ್ಲಿರುವ ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಆಮೇಲೆ ಅಲ್ಲಿಯ ವಿದೇಶಾಂಗ ಇಲಾಖೆಯ ಮುದ್ರೆ ಎರಡೂ ಬೇಕು. ಅರಬ್ಬಿ ಅನುವಾದವನ್ನು ಊರಲ್ಲಿ ಮಾಡಿಸಿ ದುಡ್ಡು ಕಳೆಯಬೇಡಿ. ಯುಎಇ ಕೋರ್ಟಿಗೆ ಅಲ್ಲಿಯ ನ್ಯಾಯ ಸಚಿವಾಲಯದ ಪರವಾನಗಿ ಇರುವ ಅನುವಾದಕರದೇ ಆಗಬೇಕು. ಲ್ಯಾಮಿನೇಟ್ ಮಾಡಿದ ಕಾಗದದ ಮೇಲೆ ಮುದ್ರೆ ಕೂರುವುದಿಲ್ಲ. ನೂರು ಪುಟದ ಪಟ್ಟಿಯಲ್ಲಿ ಅಲ್ಲಿಗೆ ಬೇಕಾದದ್ದು ಹದಿನೈದು ಪುಟ ಇರಬಹುದು: ಎಫ್‌ಐಆರ್, ಆರೋಪಿಯ ಬಂಧನದ ದಾಖಲೆ, ಫೋನಿನ ವಿಧಿವಿಜ್ಞಾನ ವರದಿ, ತನಿಖಾಧಿಕಾರಿಯ ಕೊನೆಯ ಅಭಿಪ್ರಾಯ. ಯಾವುವೆಂದು ಅಲ್ಲಿಯ ವಕೀಲರನ್ನು ಕೇಳಿ ಆರಿಸಿ. ಮುದ್ರೆ, ಅನುವಾದ ಎರಡರ ಖರ್ಚೂ ಪುಟ ಹೆಚ್ಚಿದಂತೆ ಏರುತ್ತದೆ.

ತನಿಖೆ ನಿಂತುಹೋದರೆ ಹೈಕೋರ್ಟು. ರಿಟ್ ಅರ್ಜಿಯಲ್ಲಿ ‘ಕೇಂದ್ರ ಸರ್ಕಾರ ಇವರನ್ನು ಕರೆತರಲಿ’ ಎಂದು ಕೇಳಿದರೆ, ಬೇರೆ ದೇಶದ ನ್ಯಾಯಾಂಗದಲ್ಲಿ ಕೈಹಾಕಲಾಗದು ಎಂಬ ಉತ್ತರ ಬರುತ್ತದೆ, ಅದು ಸರಿಯೇ. ಇಷ್ಟು ವಾರದೊಳಗೆ ತನಿಖೆ ಮುಗಿಸಲಿ, ವರದಿಯನ್ನು ರಾಯಭಾರ ಕಚೇರಿಗೆ ತಲುಪಿಸಲಿ, ಏನು ಮಾಡಿದಿರಿ ಎಂದು ಮುಂದಿನ ತಾರೀಕಿಗೆ ಹೇಳಲಿ ಎಂದು ಕೇಳಿದರೆ ಕೋರ್ಟಿಗೂ ಆದೇಶ ಮಾಡಲು ಹಿಡಿ ಸಿಗುತ್ತದೆ. ಮಂಗಳೂರು ಕಡೆಯ ಮತ್ತೊಬ್ಬರು ಇಂಥದೇ ನಕಲಿ ಖಾತೆಯಿಂದ ಸೌದಿಯಲ್ಲಿ ಸೆರೆಯಾದ ಪ್ರಕರಣದಲ್ಲಿ, 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್, ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಮುಚ್ಚಿಸುವ ಆದೇಶ ಮಾಡಬೇಕಾದೀತು ಎಂದು ಆ ಸಂಸ್ಥೆಗೆ ಎಚ್ಚರಿಸಿತು. ಊರ ಠಾಣೆಯೊಂದರ ಇಮೇಲ್‌ಗೆ ಇಲ್ಲದ ಭಾರ ಆ ಮಾತಿಗಿದೆ. ಅಮೆರಿಕದಲ್ಲಿ 2020ರ ಕಾಯ್ದೆಯೊಂದು, ಯಾವ ಬಂಧನ ಅನ್ಯಾಯದ್ದು ಎಂದು ಸರ್ಕಾರವೇ ಅಳೆಯಲು ಮಾನದಂಡ ಕೊಟ್ಟಿದೆ. ನಮ್ಮಲ್ಲಿ ಅಂಥದ್ದಿಲ್ಲ. 10,000ಕ್ಕೂ ಹೆಚ್ಚು ಭಾರತೀಯರು ವಿದೇಶಿ ಜೈಲುಗಳಲ್ಲಿದ್ದಾರೆಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಅವರಲ್ಲಿ ತಪ್ಪಿಲ್ಲದವರು ಯಾರು ಎಂದು ಹೆಕ್ಕುವ ಕೆಲಸ ಮನೆಯವರ ತಲೆಗೇ ಬರುತ್ತದೆ.

ಪ್ರಚಾರ ಬೇಕೇ? ಠಾಣೆ ಕದಲದಿದ್ದರೆ ಠಾಣೆಯನ್ನು ಕದಲಿಸುವಷ್ಟು ಬೇಕು. ಆ ದೇಶದ ದೊರೆಯನ್ನೋ ಧರ್ಮವನ್ನೋ ಬೈಯುವ ಒಂದೇ ವಿಡಿಯೋ, ಅದೇ ಆರೋಪದ ಮೇಲೆ ಒಳಗಿರುವವರ ಕಡತಕ್ಕೆ ಹೊಸ ಹಾಳೆ ಸೇರಿಸುತ್ತದೆ. ಅಲ್ಲಿಯ ಕನ್ನಡ ಸಂಘದವರು ಕೋರ್ಟಿನ ಬಾಗಿಲಲ್ಲಿ ನಿಂತು ಮುಂದಿನ ತಾರೀಕು ತಿಳಿದುಬಂದರೆ ಅದು ಹತ್ತು ಪತ್ರಿಕಾಗೋಷ್ಠಿಗೆ ಸಮ.

ಗಸಗಸೆಯ ಕೇಸು ಮಾತ್ರ ಬೇರೆ ಜಾತಿಯದು. ನಮಗದು ಪಾಯಸದ ಸಾಮಾನು. ಯುಎಇ, ಸೌದಿಗಳಲ್ಲಿ ಮಾದಕವಸ್ತು. ಅಲ್ಲಿ ತಪ್ಪಿಲ್ಲ ಎಂದು ವಾದಿಸುವುದು ವ್ಯರ್ಥ, ಅವರ ಕಾನೂನಿನಲ್ಲಿ ತಪ್ಪು ಇದ್ದೇ ಇದೆ. ಅಂಗಡಿಯ ಬಿಲ್ಲು, ಪ್ಯಾಕೆಟ್ಟಿನ ತೂಕ, ಇಲ್ಲಿ ಅದು ಕಿರಾಣಿ ಸಾಮಾನೆಂಬ ದಾಖಲೆ ಹಿಡಿದು, ಉದ್ದೇಶವಿರಲಿಲ್ಲ ಎಂದು ಶಿಕ್ಷೆ ತಗ್ಗಿಸಲು ಕೇಳಬೇಕು. ಟ್ರಮಡಾಲ್‌ನಂಥ ನೋವಿನ ಮಾತ್ರೆಗೂ ಇದೇ ದಾರಿ, ವೈದ್ಯರ ಚೀಟಿ ಸಮೇತ.

ದಾರಿ ಉದ್ದವಾದಾಗ ಎರಡು ಅಡ್ಡದಾರಿ ಕಾಣುತ್ತವೆ. ರಮ್ಜಾನ್, ಈದ್ ಹೊತ್ತಿಗೆ ಕೊಲ್ಲಿಯ ದೊರೆಗಳು ಕೊಡುವ ಕ್ಷಮಾದಾನ ಒಂದು. ಅದು ಬಿಡುಗಡೆ, ನಿರ್ದೋಷಿ ಎಂಬ ತೀರ್ಪಲ್ಲ; ಕಳಂಕ ಕಾಗದದಲ್ಲಿ ಉಳಿಯುತ್ತದೆ. 2003ರ ಕೈದಿಗಳ ವಾಪಸಾತಿ ಕಾಯ್ದೆ ಇನ್ನೊಂದು: ಉಳಿದ ಶಿಕ್ಷೆಯನ್ನು ಭಾರತದ ಜೈಲಿನಲ್ಲಿ ಕಳೆಯಬಹುದು, ಆದರೆ ಅಲ್ಲಿಯ ತೀರ್ಪು ಅಂತಿಮವಾಗಿರಬೇಕು, ಎರಡು ಸರ್ಕಾರವೂ ಕೈದಿಯೂ ಒಪ್ಪಬೇಕು. ತೀರ್ಪು ಅಂತಿಮವೆಂದರೆ ಮೇಲ್ಮನವಿಯ ಬಾಗಿಲು ಮುಚ್ಚಿತು ಎಂದೇ ಅರ್ಥ. ಹಾಗಂತ ಕಾಯಿಲೆ ಬಿದ್ದ ಮನುಷ್ಯ ಮಗನ ಮುಖ ನೋಡಿದರೆ ಸಾಕು ಎಂದು ಕ್ಷಮಾದಾನವನ್ನೇ ಆರಿಸಿಕೊಂಡರೆ ಅದನ್ನು ತಪ್ಪೆನ್ನಲು ಹೊರಗಿರುವವರು ಯಾರು? ಆಯ್ಕೆ ಅವರದು. ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಅವರ ಭಾಷೆಯಲ್ಲಿ ತಿಳಿಸಿರಬೇಕು, ಅಷ್ಟೆ.

ತೀರ್ಪು ನಮ್ಮ ಕಡೆ ಬಂದ ದಿನವೇ ವಿಮಾನ ಹತ್ತಲಾಗುವುದಿಲ್ಲ. ಶಾರ್ಜಾದ ನಟಿ ಜೈಲಿನಿಂದ ಹೊರಬಂದದ್ದು ಏಪ್ರಿಲ್‌ನಲ್ಲಿ, ಊರು ಸೇರಿದ್ದು ಆಗಸ್ಟ್‌ನಲ್ಲಿ. ಪ್ರಯಾಣ ನಿಷೇಧ ತೆಗೆಯಲು ಬೇರೆ ಆದೇಶ, ಪ್ರಾಸಿಕ್ಯೂಷನ್ ಬಳಿಯಿರುವ ಪಾಸ್‌ಪೋರ್ಟ್ ಬಿಡಿಸಲು ಬೇರೆ ಅರ್ಜಿ. ಒಳಗಿದ್ದಾಗ ವೀಸಾ ಮುಗಿದಿದ್ದರೆ ಅದರ ದಂಡ ಯಾರ ತಲೆಗೆ ಎಂದು ವಕೀಲರು ತೀರ್ಪಿನ ದಿನವೇ ಇತ್ಯರ್ಥ ಮಾಡಿಸಿಕೊಳ್ಳಬೇಕು. ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡುತ್ತದೆ, ಅದು ಊರಿಗೆ ಬರುವ ಒಂದೇ ಪ್ರಯಾಣಕ್ಕೆ. ಬಂದಿಳಿದ ಮೇಲೆ ಅದನ್ನೂ ಅಲ್ಲಿಯ ತೀರ್ಪಿನ ಮುದ್ರೆಯೊತ್ತಿದ ಪ್ರತಿಯನ್ನೂ ಜೋಪಾನವಾಗಿ ಎತ್ತಿಡಬೇಕು. ಪೊಟ್ಟಣ ಕೊಟ್ಟವರ ಕೇಸು ಇಲ್ಲಿ ಇನ್ನೂ ನಡೆಯುತ್ತಿರುತ್ತದೆ. ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಸಮನ್ಸ್ ಬರುತ್ತದೆ, ಈ ಸಲ ಸಾಕ್ಷಿಯಾಗಿ.